ವೇತನದ ಒಡಂಬಡಿಕೆಯೂ ಅದರ ತಾರೀಖೂ

ವಿಜಯಪುರ ನಗರದಿಂದ ಅಥಣಿಯ ಹಾದಿಯನ್ನು ಹಿಡಿದು ಹೊರಟರೆ ತೊರವಿಯನ್ನು ದಾಟಿದ ಮೇಲೆ ತಿಕೋಟಾ ಸಿಕ್ಕುವುದು. ಜಮಖಂಡಿಯ ಹಾದಿಯನ್ನು ಹಿಡಿದರೆ ಬಬಲೇಶ್ವರ. ಎರಡೂ ನಗರಕ್ಕೆ ಸಮೀಪದ ಊರುಗಳು. ಎರಡೂ ಈಚಿನ ವರ್ಷಗಳಲ್ಲಿ ತಾಲ್ಲೂಕಿನ ಕೇಂದ್ರಗಳಾದವು. ಓದುವ ಹುಡುಗ ಹುಡುಗಿಯರು, ಆಸ್ಪತ್ರೆಗೆ ಹೋಗಬೇಕಾದವರು, ಕಚೇರಿಯ ಕೆಲಸವುಳ್ಳವರು, ಸಂತೆಗೆ ಕಾಯಿಪಲ್ಯ ತರುವವರು, ಇವರೆಲ್ಲರೂ ಬೆಳಗಾದರೆ ಈ ಎರಡು ಹಾದಿಗಳಲ್ಲಿ ನಗರಕ್ಕೆ ಬಂದು ಸಂಜೆಗೆ ಹಿಂದಿರುಗತಕ್ಕವರು. ಇವರಲ್ಲಿ ಹೆಚ್ಚಿನವರಿಗೆ ಆಧಾರವಾದದ್ದು ಸಾರಿಗೆ ನಿಗಮದ ಬಸ್ಸು. ಆ ಬಸ್ಸನ್ನು ನಡೆಸುವ ಚಾಲಕನಿಗೂ ನಿರ್ವಾಹಕನಿಗೂ ಸಂಬಳವು ಹೇಗೆ ನಿಷ್ಕರ್ಷೆಯಾಗುತ್ತದೆ, ಅದು ನಿಷ್ಕರ್ಷೆಯಾಗುವಾಗ ಆಡಳಿತವರ್ಗಕ್ಕೂ ಕೆಲಸಗಾರರಿಗೂ ಏನು ಮಾತು ನಡೆಯುತ್ತದೆ, ಆ ಮಾತು ಮುರಿದುಬೀಳುವುದೇತಕ್ಕೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣವೆಂದಿದ್ದೇವೆ.

ಸಂಬಳದ ವ್ಯಾಜ್ಯವೆಂದರೆ ಅದು ಇಬ್ಬರ ನಡುವಣ ಜಗಳ, ಮೂರನೆಯವರಾದ ನಮಗೇನು ಎಂದು ವಿದ್ಯಾವಂತರಾದ ನಗರವಾಸಿಗಳು ಎಣಿಸುವುದುಂಟು. ಬಸ್ಸು ನಿಂತ ದಿನ ಮಾತ್ರ ನಮಗೆ ಅದರ ನೆನಪಾಗುತ್ತದೆ. ಆ ನೆನಪೂ ಕೋಪದ ನೆನಪು. ಬಸ್ಸು ಮತ್ತೆ ಓಡತೊಡಗಿದ ಮರುದಿನವೇ ಮರೆತುಬಿಡುತ್ತೇವೆ. ಹಾಗೆ ಮರೆಯುವುದರಿಂದಲೇ ಅದೇ ವ್ಯಾಜ್ಯ ಮತ್ತೆ ಮತ್ತೆ ತಲೆಯೆತ್ತುತ್ತದೆಯೆಂದು ನಮಗೆ ತೋರುತ್ತದೆ. ಆದುದರಿಂದ ಬಸ್ಸು ಓಡುತ್ತಿರುವ ದಿನದಲ್ಲಿ, ಕೋಪವಿಲ್ಲದ ಹೊತ್ತಿನಲ್ಲಿ, ಈ ವಿಷಯವನ್ನು ನೋಡುವುದು ಒಳ್ಳೆಯದು.

ಮೊದಲು ಸಂಸ್ಥೆಯ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಮೈಸೂರು ಸರ್ಕಾರವು ೧೯೪೮ರ ಸೆಪ್ಟೆಂಬರ್ ತಿಂಗಳಲ್ಲಿ ೧೨೦ ಬಸ್ಸುಗಳೊಡನೆ ಸರ್ಕಾರಿ ಸಾರಿಗೆಯನ್ನು ಆರಂಭಿಸಿತು. ವಿಜಯಪುರ, ಆಗಿನ ಬಿಜಾಪುರ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಿತು; ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾದಾಗ ಮೈಸೂರು ರಾಜ್ಯಕ್ಕೆ ಬಂದಿತು. ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ ಮೇರೆಗೆ ೧೯೬೧ರ ಆಗಸ್ಟ್‌ನಲ್ಲಿ ರಾಜ್ಯಕ್ಕೆಲ್ಲ ಒಂದು ನಿಗಮವು ಏರ್ಪಟ್ಟಿತು. ಬಹುಕಾಲದ ಮೇಲೆ ಅದನ್ನು ಒಡೆದು ೧೯೯೭ರಲ್ಲಿ ಬೆಂಗಳೂರಿಗೂ ವಾಯವ್ಯ ಭಾಗಕ್ಕೂ, ೨೦೦೦ದಲ್ಲಿ ಈಶಾನ್ಯ ಭಾಗಕ್ಕೂ ಬೇರೆ ಬೇರೆ ನಿಗಮಗಳನ್ನು ಮಾಡಿದರು. ಕಲಬುರಗಿಯಲ್ಲಿ ಮುಖ್ಯ ಕಚೇರಿಯುಳ್ಳ ಈಶಾನ್ಯ ನಿಗಮಕ್ಕೆ ೨೦೨೧ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಹೆಸರಾಯಿತು. ವಿಜಯಪುರ ವಿಭಾಗವು ಸೇರಿರುವುದು ಈ ನಿಗಮಕ್ಕೆ. ನಿಗಮಗಳು ನಾಲ್ಕಾದರೂ ಸಂಬಳದ ಮಾತು ಮಾತ್ರ ಒಂದೇ. ತಿಕೋಟಾಕ್ಕೆ ಹೋಗುವ ಬಸ್ಸಿನ ನಿರ್ವಾಹಕನ ಸಂಬಳವು ನಿಷ್ಕರ್ಷೆಯಾಗುವುದು ವಿಜಯಪುರದಲ್ಲೂ ಅಲ್ಲ, ಕಲಬುರಗಿಯಲ್ಲೂ ಅಲ್ಲ, ಬೆಂಗಳೂರಿನಲ್ಲಿ.

ಇನ್ನು ಒಡಂಬಡಿಕೆಯೆಂದರೇನು ಎಂಬುದನ್ನು ನೋಡೋಣ. ಒಬ್ಬೊಬ್ಬ ಕೆಲಸಗಾರನು ಒಬ್ಬೊಬ್ಬನಾಗಿ ಧಣಿಯ ಮುಂದೆ ನಿಂತು ತನ್ನ ಸಂಬಳವನ್ನು ಮಾತಾಡಿಕೊಳ್ಳಬೇಕಾದರೆ ಆ ಮಾತಿಗೆ ತೂಕವಿರುವುದಿಲ್ಲ. ಅವನಿಗೆ ನಾಳೆಯ ಅನ್ನದ ಚಿಂತೆ. ಧಣಿಗೆ ಅಂಥ ಅವಸರವಿಲ್ಲ. ಆದಕಾರಣ ಕೆಲಸಗಾರರು ಸಂಘವಾಗಿ ಕೂಡಿ, ಎಲ್ಲರ ಪರವಾಗಿ ಕೆಲವರನ್ನು ಕಳುಹಿಸಿ, ಇಷ್ಟು ಕೆಲಸಕ್ಕೆ ಇಷ್ಟು ಸಂಬಳ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಆಡಳಿತವರ್ಗದೊಡನೆ ಬರೆದು ಸಹಿಮಾಡಿಕೊಳ್ಳುವ ಪದ್ಧತಿಯು ಎಲ್ಲ ದೇಶಗಳಲ್ಲೂ ಬೆಳೆದು ಬಂದಿದೆ. ನಮ್ಮ ದೇಶದಲ್ಲಿ ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯು ಈ ಪದ್ಧತಿಗೆ ಶಾಸನದ ಬಲವನ್ನು ಕೊಟ್ಟಿತು. ಸರ್ಕಾರದ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದವು ಸಹಿಮಾಡಿದ ಸಂಘದವರಿಗೆ ಮಾತ್ರವಲ್ಲದೆ ಆ ಸಂಸ್ಥೆಯ ಎಲ್ಲ ಕೆಲಸಗಾರರಿಗೂ, ನಾಳೆ ಬಂದು ಸೇರುವವರಿಗೂ ಸಲ್ಲುವುದು. ಗೊತ್ತಾದ ಅವಧಿ ಮುಗಿದರೂ, ಒಂದು ಪಕ್ಷವು ಇನ್ನೊಂದಕ್ಕೆ ಲಿಖಿತವಾಗಿ ತಿಳಿಸಿ ಎರಡು ತಿಂಗಳು ಕಳೆಯುವವರೆಗೂ ಅದು ಜಾರಿಯಲ್ಲಿರುವುದು. ಹೀಗೆ ಒಡಂಬಡಿಕೆಯೆಂಬುದು ಕೃಪೆಯಲ್ಲ, ಬೇಡಿಕೆಯೂ ಅಲ್ಲ; ಎರಡು ಕಡೆಯವರೂ ಒಪ್ಪಿ ಬರೆದ ಕರಾರು.

ಸಾರಿಗೆ ನಿಗಮಗಳಲ್ಲಿ ಈ ಕರಾರನ್ನು ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳುವ ರೂಢಿಯುಂಟು. ೨೦೧೨, ೨೦೧೬, ೨೦೨೦, ೨೦೨೪: ಈ ವರ್ಷಗಳ ಜನವರಿ ೧ನೆಯ ತಾರೀಖು ಪರಿಷ್ಕರಣೆಯ ತಾರೀಖು. ಈ ತಾರೀಖುಗಳನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಕೇಳಬೇಕು.

೨೦೧೬ರ ಜನವರಿಯಲ್ಲಿ ಆಗಬೇಕಾದ ಪರಿಷ್ಕರಣೆ ಜುಲೈ ತಿಂಗಳಾದರೂ ಆಗಲಿಲ್ಲ. ಸಂಘಗಳು ನೂರಕ್ಕೆ ೩೫ರಂತೆ ಹೆಚ್ಚಿಸಬೇಕೆಂದು ಕೇಳಿದವು. ಜುಲೈ ೨೫ರಿಂದ ಮೂರು ದಿನ ರಾಜ್ಯದಲ್ಲಿ ಬಸ್ಸುಗಳು ನಿಂತವು. ಕೊನೆಗೆ ನೂರಕ್ಕೆ ೧೨½ಕ್ಕೆ ಒಪ್ಪಿಗೆಯಾಯಿತು. ಮುಂದಿನ ಪರಿಷ್ಕರಣೆ ೨೦೨೦ರ ಜನವರಿಗೆ ಸಲ್ಲಬೇಕಾಗಿತ್ತು. ಆ ವರ್ಷ ಸಾಂಕ್ರಾಮಿಕ ರೋಗವು ಬಂದು ಬಸ್ಸುಗಳೇ ನಿಂತುವು. ನಿಗಮಗಳ ಆದಾಯವು ಕುಸಿಯಿತು. ೨೦೨೦ರ ಡಿಸೆಂಬರ್‌ನಲ್ಲಿ ನಾಲ್ಕು ದಿನ ಮುಷ್ಕರವಾಯಿತು. ೨೦೨೧ರ ಏಪ್ರಿಲ್ ೭ರಿಂದ ೨೧ರವರೆಗೆ ಮತ್ತೆ ಹದಿನೈದು ದಿನ. ಈ ಸಲ ಕೆಲಸಗಾರರು ನೂರಕ್ಕೆ ಇಷ್ಟೆಂದು ಕೇಳಲಿಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ಆರನೆಯ ವೇತನ ಆಯೋಗವು ಗೊತ್ತುಮಾಡಿದ ಶ್ರೇಣಿಯನ್ನೇ ತಮಗೂ ಕೊಡಬೇಕೆಂದರು. ಸರ್ಕಾರವು ನೂರಕ್ಕೆ ೮ರಷ್ಟು ಮಧ್ಯಂತರವಾಗಿ ಕೊಡುವುದಾಗಿ ಹೇಳಿತು. ಅನೇಕರು ಕೆಲಸದಿಂದ ವಜಾ ಆದರು, ಅನೇಕರಿಗೆ ದೂರದ ಊರುಗಳಿಗೆ ವರ್ಗವಾಯಿತು. ಉಚ್ಚ ನ್ಯಾಯಾಲಯದ ಮಾತಿನ ಮೇಲೆ ಮುಷ್ಕರವು ನಿಂತಿತು; ಶ್ರೇಣಿಯ ಪ್ರಶ್ನೆ ಇದ್ದಲ್ಲಿಯೇ ಉಳಿಯಿತು.

೨೦೨೩ರ ಮಾರ್ಚ್‌ನಲ್ಲಿ, ವಿಧಾನಸಭೆಯ ಚುನಾವಣೆಯು ಸಮೀಪಿಸಿದಾಗ, ಸರ್ಕಾರದ ಆದೇಶದ ಮೂಲಕ ನೂರಕ್ಕೆ ೧೫ರ ಹೆಚ್ಚಳವಾಯಿತು. ಆದರೆ ಅದು ಸಲ್ಲತಕ್ಕದ್ದು ೨೦೨೩ರ ಮಾರ್ಚ್ ೧ರಿಂದ ಎಂದಾಯಿತು. ೨೦೨೦ರ ಜನವರಿಯಿಂದ ೨೦೨೩ರ ಫೆಬ್ರವರಿಯವರೆಗೆ ನಡುವೆ ಸಿಕ್ಕಿಕೊಂಡದ್ದು ೩೮ ತಿಂಗಳು. ಈ ೩೮ ತಿಂಗಳ ಬಾಕಿಯೇ ಮುಂದಿನ ವ್ಯಾಜ್ಯದ ಮೂಲ. ೨೦೨೫ರ ಆಗಸ್ಟ್‌ನಲ್ಲಿ ಸಂಘಗಳ ಜಂಟಿ ಸಮಿತಿಯು ಈ ಬಾಕಿ ೧,೭೮೫ ಕೋಟಿ ರೂಪಾಯಿಯೆಂದು ಲೆಕ್ಕ ಹಾಕಿ, ಅದನ್ನು ಸಲ್ಲಿಸಬೇಕೆಂದೂ ೨೦೨೪ರ ಜನವರಿ ೧ರಿಂದ ಸಲ್ಲಬೇಕಾದ ಹೊಸ ಪರಿಷ್ಕರಣೆಯನ್ನು ಮಾಡಬೇಕೆಂದೂ ಕೇಳಿತು. ಸರ್ಕಾರವು ತಾನು ನೇಮಿಸಿದ್ದ ಏಕಸದಸ್ಯ ಸಮಿತಿಯ ವರದಿಯನ್ನು ಮುಂದಿಟ್ಟು, ೧೪ ತಿಂಗಳ ಬಾಕಿಯಾದ ೭೧೮ ಕೋಟಿಯನ್ನು ಕೊಡುವುದಾಗಿ ಹೇಳಿತು. ಆಗಸ್ಟ್ ೫ರಂದು ಮುಷ್ಕರ ಹೂಡಿದರು. ಉಚ್ಚ ನ್ಯಾಯಾಲಯವು ತಡೆದುದರಿಂದ ನಿಲ್ಲಿಸಿದರು.

ಈ ಕಥೆಯಲ್ಲಿ ಸಂಖ್ಯೆಗಳ ಜಗಳವಿದ್ದಂತೆ ಮೇಲುನೋಟಕ್ಕೆ ಕಾಣುವುದು: ೩೫ ಬೇಕೋ ೧೨½ ಸಾಕೋ ಎಂದು. ಆದರೆ ಗಮನಿಸಿ ನೋಡಿದರೆ ಜಗಳವು ಮೊತ್ತಕ್ಕಿಂತ ಹೆಚ್ಚಾಗಿ ತಾರೀಖಿನದು. ಲೆಕ್ಕಕ್ಕೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ತಿಂಗಳಿಗೆ ೨೦,೦೦೦ ರೂಪಾಯಿ ಮೂಲವೇತನವುಳ್ಳವನಿಗೆ ನೂರಕ್ಕೆ ೧೫ರಂತೆ ಹೆಚ್ಚಿದರೆ ೩,೦೦೦ ರೂಪಾಯಿ ಬರುವುದು. ಅದು ೩೮ ತಿಂಗಳು ತಡವಾದರೆ ಅವನು ಕಳೆದುಕೊಳ್ಳುವುದು ೧,೧೪,೦೦೦ ರೂಪಾಯಿ. ಈ ನಡುವೆ ಮಗಳ ಶಾಲೆಯ ಶುಲ್ಕವು ಮೂವತ್ತೆಂಟು ತಿಂಗಳು ಕಾಯಲಿಲ್ಲ. ಮನೆಯ ಬಾಡಿಗೆ ಕಾಯಲಿಲ್ಲ. ಅಕ್ಕಿ ಬೇಳೆಗಳ ಧಾರಣೆಯೂ ಕಾಯಲಿಲ್ಲ. ಆ ಹಣಕ್ಕಾಗಿ ಅವನು ಕೈಸಾಲ ಮಾಡಿದ್ದರೆ ಬಡ್ಡಿ ಬೇರೆ. ಡೋಣಿ ನದಿಯ ದಂಡೆಯ ರೈತನಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಬಿಳಿಜೋಳಕ್ಕೆ ಬೇಕಾದ ಮಳೆ ತನ್ನ ನಕ್ಷತ್ರದಲ್ಲಿ ಬಾರದೆ ಎರಡು ತಿಂಗಳ ಮೇಲೆ ಸುರಿದರೆ, ವರ್ಷದ ಲೆಕ್ಕದಲ್ಲಿ ಮಳೆಯ ಅಂಗುಲಗಳು ಸರಿಯಾಗಿಯೇ ಇರುವುವು. ತೆನೆಯಲ್ಲಿ ಮಾತ್ರ ಕಾಳಿರುವುದಿಲ್ಲ.

ಈಗ ಕೆಲಸಗಾರರಿಗೂ ಆಡಳಿತವರ್ಗಕ್ಕೂ ಇರುವ ಸಂಬಳದ ಅಂತರದ ಮಾತಿಗೆ ಬರೋಣ. ಖಾಸಗಿ ಉದ್ಯಮದಲ್ಲಿ ಈ ಅಂತರವು ಬಹಳ ಬೆಳೆದಿದೆ. ಅಮೆರಿಕ ದೇಶದ ದೊಡ್ಡ ಕಂಪನಿಗಳಲ್ಲಿ ಮುಖ್ಯಾಧಿಕಾರಿಯ ವರಮಾನವು ೧೯೬೫ರಲ್ಲಿ ಸಾಮಾನ್ಯ ಕೆಲಸಗಾರನ ಸಂಬಳದ ಸುಮಾರು ೨೦ ಪಟ್ಟು ಇದ್ದದ್ದು ೨೦೨೩ರ ಹೊತ್ತಿಗೆ ಸುಮಾರು ೨೯೦ ಪಟ್ಟಾಯಿತೆಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ಲೆಕ್ಕ ಕೊಟ್ಟಿದ್ದಾರೆ. ನಮ್ಮ ದೇಶದಲ್ಲಿಯೂ ೨೦೧೩ರ ಕಂಪನಿ ಕಾಯಿದೆಯ ೧೯೭ನೆಯ ಕಲಮಿನ ಪ್ರಕಾರ, ಷೇರುಪೇಟೆಯಲ್ಲಿ ನಮೂದಾದ ಪ್ರತಿಯೊಂದು ಕಂಪನಿಯೂ ತನ್ನ ನಿರ್ದೇಶಕರ ಸಂಬಳವು ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದನ್ನು ವರ್ಷವರ್ಷವೂ ಪ್ರಕಟಿಸಬೇಕು. ಅಂತರವನ್ನು ಕಾಯಿದೆಯು ಕಡಿಮೆ ಮಾಡುವುದಿಲ್ಲ. ಅದನ್ನು ಬಚ್ಚಿಡಬಾರದೆಂದು ಮಾತ್ರ ಹೇಳುತ್ತದೆ. ಸ್ಪೇನ್ ದೇಶದ ಮೊಂಡ್ರಗೋನ್ ಎಂಬ ಊರಿನ ಸಹಕಾರಿ ಕಾರ್ಖಾನೆಗಳವರು ಮೊದಲಲ್ಲಿ ಮೇಲಿನವನಿಗೆ ಕೆಳಗಿನವನ ಮೂರು ಪಟ್ಟಿಗಿಂತ ಹೆಚ್ಚು ಇರಕೂಡದೆಂದು ಗೊತ್ತುಮಾಡಿಕೊಂಡರು. ಆಮೇಲೆ ಆ ಮಿತಿಯನ್ನು ಸಡಿಲಿಸಿದರೂ ಮಿತಿಯೆಂಬುದನ್ನು ಬಿಡಲಿಲ್ಲ.

ನಮ್ಮ ಸಾರಿಗೆ ನಿಗಮಗಳಲ್ಲಿರುವ ಅಂತರವು ಅಮೆರಿಕದ ಜಾತಿಯದಲ್ಲ. ಅವುಗಳ ಮೇಲಧಿಕಾರಿಗಳಾಗಿ ಬರುವವರು ಸಾಮಾನ್ಯವಾಗಿ ಸರ್ಕಾರದ ಉನ್ನತ ಸೇವೆಗೆ ಸೇರಿದವರು. ಅವರ ಸಂಬಳವು ಸರ್ಕಾರದ ಶ್ರೇಣಿಯ ಸಂಬಳ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸು ೨೦೨೪ರ ಆಗಸ್ಟ್ ೧ರಿಂದ ಜಾರಿಗೆ ಬಂದಾಗ ರಾಜ್ಯ ನೌಕರರ ಕನಿಷ್ಠ ಮೂಲವೇತನ ೨೭,೦೦೦ ರೂಪಾಯಿ, ಗರಿಷ್ಠ ೨,೪೧,೨೦೦ ರೂಪಾಯಿ ಎಂದು ಗೊತ್ತಾಯಿತು. ಅಂದರೆ ಸುಮಾರು ಒಂಬತ್ತು ಪಟ್ಟು. ಜವಾಬುದಾರಿಯ ತಾರತಮ್ಯಕ್ಕೆ ಇಷ್ಟು ಬೇಕೆ ಬೇಡವೆ ಎಂದು ವಾದಿಸಬಹುದು. ಆದರೆ ಇದನ್ನು ಕಂಡು ಯಾರೂ ಬೆಚ್ಚಿಬೀಳಬೇಕಾಗಿಲ್ಲ.

ಹಾಗಾದರೆ ಕೆಲಸಗಾರನ ದೂರೇನು? ನಮಗೆ ತೋರುವಮಟ್ಟಿಗೆ, ಅವನ ದೂರು ರೂಪಾಯಿಯ ಅಂತರಕ್ಕಿಂತ ಹೆಚ್ಚಾಗಿ ರೀತಿಯ ಅಂತರದ ಮೇಲೆ. ಮೇಲಧಿಕಾರಿಯ ವೇತನವನ್ನು ಪರಿಷ್ಕರಿಸಲು ಆಯೋಗವೊಂದು ಕೂಡುತ್ತದೆ; ಅವನು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ, ಒಂದು ದಿನದ ಕೆಲಸವನ್ನೂ ನಿಲ್ಲಿಸಬೇಕಾಗಿಲ್ಲ. ರಾಜ್ಯ ಸರ್ಕಾರಿ ನೌಕರರು ೨೦೨೩ರ ಮಾರ್ಚ್ ೧ರಂದು ಒಂದು ದಿನ ಕೆಲಸ ನಿಲ್ಲಿಸಬೇಕಾಗಿ ಬಂದದ್ದೇನೋ ನಿಜ. ಆದರೆ ಆ ದಿನವೇ ನೂರಕ್ಕೆ ೧೭ರ ಮಧ್ಯಂತರ ಪರಿಹಾರವು ಪ್ರಕಟವಾಯಿತು. ಸಾರಿಗೆಯ ಕೆಲಸಗಾರನಾದರೋ ನಾಲ್ಕು ದಿನ, ಆಮೇಲೆ ಹದಿನೈದು ದಿನ ನಿಲ್ಲಿಸಿ, ಆ ದಿನಗಳ ಸಂಬಳವನ್ನೂ ಕೆಲವರು ಕೆಲಸವನ್ನೂ ಕಳೆದುಕೊಂಡು, ಎರಡು ವರ್ಷ ಕಾಯಬೇಕಾಯಿತು. ಒಬ್ಬನಿಗೆ ತಾನಾಗಿ ಬರುವುದು ಇನ್ನೊಬ್ಬನಿಗೆ ಹೋರಾಡಿದರೂ ಹೊತ್ತಿಗೆ ಬಾರದು. ತನ್ನ ಸಂಬಳವನ್ನು ನಿಷ್ಕರ್ಷಿಸುವ ಮೇಜಿನ ಆಚೆ ಕುಳಿತವರಿಗೆ ತಡದ ನೋವು ತಗಲುವುದೇ ಇಲ್ಲವೆಂಬುದನ್ನು ಕೆಲಸಗಾರನು ಬಲ್ಲ. ತಡಮಾಡುವವನಿಗೆ ತಡದಿಂದ ನಷ್ಟವಿಲ್ಲದಿದ್ದರೆ ತಡವಾಗುತ್ತಲೇ ಇರುವುದು, ಇದು ಮನುಷ್ಯಸ್ವಭಾವ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವನ್ನೂ ಹೇಳಿಬಿಡಬೇಕು. ನೂರಕ್ಕೆ ಇಷ್ಟು ಎಂದು ಎಲ್ಲರಿಗೂ ಸಮನಾಗಿ ಏರಿಸಿದರೆ ನ್ಯಾಯವಾಯಿತೆಂದು ತೋರುತ್ತದೆ. ಆದರೆ ೨೦,೦೦೦ ಬರುವವನಿಗೆ ನೂರಕ್ಕೆ ೧೫ ಎಂದರೆ ೩,೦೦೦. ೧,೦೦,೦೦೦ ಬರುವವನಿಗೆ ೧೫,೦೦೦. ಮೊದಲು ೮೦,೦೦೦ ಇದ್ದ ಅಂತರವು ೯೨,೦೦೦ ಆಗುವುದು. ಧಾರಣೆ ಏರಿದಾಗ ಜೋಳದ ಚೀಲಕ್ಕೆ ಇಬ್ಬರೂ ಕೊಡುವ ಬೆಲೆ ಒಂದೇ. ಆದುದರಿಂದ ಕೆಳಗಿನ ಶ್ರೇಣಿಗಳಿಗೆ ಸ್ವಲ್ಪ ಹೆಚ್ಚಿನ ಪ್ರಮಾಣವನ್ನೋ, ಎಲ್ಲರಿಗೂ ಇಂತಿಷ್ಟು ಎಂಬ ಕನಿಷ್ಠ ಮೊತ್ತವನ್ನೋ ಸೇರಿಸಿಕೊಳ್ಳುವುದು ವಿವೇಕವೆಂದು ನಾವು ತಿಳಿಯುತ್ತೇವೆ.

ಆದರೆ ಎಷ್ಟು ಕೊಟ್ಟರೆ ಸರಿ? ಇದಕ್ಕೊಂದು ಅಳತೆಯಿಲ್ಲವೆ? ಉಂಟು. ೧೯೪೮ರಲ್ಲಿ ಭಾರತ ಸರ್ಕಾರವು ನ್ಯಾಯವಾದ ವೇತನವನ್ನು ಕುರಿತು ವಿಚಾರ ಮಾಡಲು ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯು ಮೂರು ಮೆಟ್ಟಿಲುಗಳನ್ನು ತೋರಿಸಿತು. ಮೊದಲನೆಯದು ಕನಿಷ್ಠ ವೇತನ. ಇದನ್ನು ಕೊಡಲಾರದ ಉದ್ಯಮಕ್ಕೆ ಬಾಳುವ ಹಕ್ಕೇ ಇಲ್ಲ. ಕೊನೆಯದು ಜೀವನ ವೇತನ; ಇದರಲ್ಲಿ ಮಕ್ಕಳ ವಿದ್ಯೆ, ರೋಗದ ಔಷಧ, ಮುಪ್ಪಿನ ಆಸರೆ, ಮರ್ಯಾದೆಯ ಬಾಳು ಎಲ್ಲವೂ ಸೇರುವುವು. ಇವೆರಡರ ನಡುವೆ, ಉದ್ಯಮದ ಶಕ್ತಿಯನ್ನು ಅನುಸರಿಸಿ ನಿಲ್ಲತಕ್ಕದ್ದು ನ್ಯಾಯವೇತನ. ೧೯೫೭ರಲ್ಲಿ ಕೂಡಿದ ೧೫ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನದ ಲೆಕ್ಕವನ್ನು ಇನ್ನೂ ಬಿಡಿಸಿ ಹೇಳಿತು: ದುಡಿಯುವವನ ಸಂಸಾರವನ್ನು ಮೂರು ಪೂರ್ಣ ಭೋಕ್ತೃಗಳಿಗೆ ಸಮಾನವೆಂದು ಎಣಿಸಬೇಕು, ಒಬ್ಬೊಬ್ಬರಿಗೆ ದಿನಕ್ಕೆ ೨,೭೦೦ ಕ್ಯಾಲೊರಿಯ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ ೭೨ ಗಜ ಬಟ್ಟೆ, ಮನೆಯ ಬಾಡಿಗೆ, ಸೌದೆ ದೀಪ ಮೊದಲಾದವುಗಳಿಗೆ ಒಟ್ಟಿನಲ್ಲಿ ನೂರಕ್ಕೆ ೨೦. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ಜತೆಗೆ ಮಕ್ಕಳ ವಿದ್ಯೆ, ಔಷಧ, ಹಬ್ಬಹುಣ್ಣಿಮೆ, ಮದುವೆ, ಮುಪ್ಪು ಇವುಗಳಿಗಾಗಿ ನೂರಕ್ಕೆ ೨೫ ಸೇರಬೇಕೆಂದು ತೀರ್ಪಿತ್ತಿತು. ಹೀಗೆ ಅಳತೆಗೋಲು ಮನೆಯಲ್ಲಿಯೇ ಇದೆ. ಅದನ್ನು ಮೇಜಿನ ಮೇಲಿಟ್ಟು ಮಾತಾಡುವುದನ್ನು ಬಿಟ್ಟು, ಒಬ್ಬರು ೩೫ ಎನ್ನುವುದು, ಇನ್ನೊಬ್ಬರು ೮ ಎನ್ನುವುದು, ನಡುವೆ ಎಲ್ಲೋ ಒಂದು ಕಡೆ ನಿಲ್ಲುವುದು, ಇದು ದನದ ಸಂತೆಯ ಚೌಕಾಸಿಯಾಗುವುದೇ ಹೊರತು ವೇತನದ ವಿಚಾರವಾಗುವುದಿಲ್ಲ.

ಆಡಳಿತವರ್ಗದ ಪಕ್ಷವನ್ನೂ ನಾವು ನ್ಯಾಯವಾಗಿ ಕೇಳಬೇಕು. ನಿಗಮಗಳಿಗೆ ನಷ್ಟವಿದೆ, ಎಣ್ಣೆಯ ಬೆಲೆ ಏರಿದೆ, ಸಂಬಳವೇ ಖರ್ಚಿನ ದೊಡ್ಡ ಪಾಲು, ಬಸ್ಸಿನ ಹಣ ಜನರ ಹಣ, ಬೇಡಿದವರಿಗೆಲ್ಲ ಬೇಡಿದಷ್ಟು ಕೊಡಲು ಅದು ಯಾರ ಮನೆಯ ಗಂಟೂ ಅಲ್ಲ ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. ೧೯೫೦ರ ಕಾಯಿದೆಯೇ ನಿಗಮವು ವ್ಯಾಪಾರದ ತತ್ತ್ವಗಳ ಮೇಲೆ ನಡೆಯಬೇಕೆಂದು ಹೇಳುತ್ತದೆ. ಆದರೆ ಯಾವ ವ್ಯಾಪಾರಿಯು ತನ್ನ ಸರಕಿನ ಬೆಲೆಯನ್ನು ತಾನು ಗೊತ್ತುಮಾಡಲಾರನೋ ಅವನನ್ನು ವ್ಯಾಪಾರಿಯೆನ್ನುವುದು ಹೇಗೆ? ಟಿಕೆಟ್ಟಿನ ದರವನ್ನು ಗೊತ್ತುಮಾಡುವುದು ಸರ್ಕಾರ. ಬಹುಕಾಲ ತಡೆದಿದ್ದು ೨೦೨೫ರ ಜನವರಿಯಲ್ಲಿ ನೂರಕ್ಕೆ ೧೫ರಂತೆ ಏರಿಸಿತು. ಹೆಂಗಸರಿಗೆ ಉಚಿತ ಪ್ರಯಾಣವನ್ನು ೨೦೨೩ರ ಜೂನ್ ೧೧ರಿಂದ ಕೊಟ್ಟುದು ಸರ್ಕಾರ. ಅದರಿಂದ ತೊರವಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಹೆಣ್ಣುಮಗಳಿಗೆ ಆದ ಉಪಕಾರ ದೊಡ್ಡದು, ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿ ನಿರ್ವಾಹಕನಿಗೆ ಬಿದ್ದ ಕೆಲಸವೂ ದೊಡ್ಡದು. ಅದಕ್ಕಾಗಿ ನಿಗಮಕ್ಕೆ ಕೊಡಬೇಕಾದ ಹಣವನ್ನು ಕೊಡುವುದೂ ಸರ್ಕಾರವೇ. ಜನವಿರಲಿ ಇಲ್ಲದಿರಲಿ, ಹಳ್ಳಿಗೆ ವಸ್ತಿ ಬಸ್ಸನ್ನು ಕಳುಹಿಸಬೇಕೆಂಬುದು ಲೋಕೋಪಕಾರದ ನಿಯಮ. ಈ ಯಾವ ನಿರ್ಣಯದಲ್ಲಿಯೂ ಕೆಲಸಗಾರನ ಕೈಯಿಲ್ಲ. ಹೀಗಿರುವಾಗ ಸಂಬಳದ ತಾರೀಖು ಬಂದ ದಿನ ಮಾತ್ರ ನಷ್ಟದ ಪುಸ್ತಕವನ್ನು ಅವನ ಮುಂದೆ ಬಿಚ್ಚುವುದು ಸರಿಯಲ್ಲ. ಬಿಚ್ಚುವುದಾದರೆ ಪೂರ್ತಿಯಾಗಿ ಬಿಚ್ಚಬೇಕು: ಎಷ್ಟು ನಷ್ಟ ಆಡಳಿತದ ದೋಷದಿಂದ, ಎಷ್ಟು ಸರ್ಕಾರದ ನೀತಿಯಿಂದ, ಎಷ್ಟು ಕೆಲಸದ ಮೈಗಳ್ಳತನದಿಂದ ಎಂಬುದು ಪ್ರತ್ಯೇಕವಾಗಿ ತಿಳಿಯಬೇಕು.

ಇನ್ನೊಂದು ಶಂಕೆಗೂ ಉತ್ತರ ಹೇಳಬೇಕಾಗಿದೆ. ತಿಕೋಟಾದ ಸುತ್ತಿನ ದ್ರಾಕ್ಷಿಯ ತೋಟಗಳಲ್ಲಿ ವರ್ಷಕ್ಕೆರಡು ಸಲ ಬಳ್ಳಿ ಕತ್ತರಿಸುವವರು, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಹಣ್ಣು ಹರಡಿ ಆರಿಸುವ ಹೆಂಗಸರು, ಬಬಲೇಶ್ವರದ ಕಡೆ ಮುಂಗಡ ಪಡೆದು ಕಬ್ಬು ಕಡಿಯುವ ಗ್ಯಾಂಗಿನವರು, ಇವರಿಗೆ ಸಂಘವೆಲ್ಲಿ, ಕರಾರೆಲ್ಲಿ, ಬಾಕಿಯ ಲೆಕ್ಕವೆಲ್ಲಿ? ಇವರ ಮುಂದೆ ಬಸ್ಸಿನವರು ಅನುಕೂಲಸ್ಥರಲ್ಲವೆ ಎಂದು ಕೇಳಬಹುದು. ಅನುಕೂಲಸ್ಥರು ಹೌದು. ಆದರೆ ಸಹಿಮಾಡಿದ ಕರಾರುಳ್ಳವನಿಗೇ ತಾರೀಖಿಗೆ ಸರಿಯಾಗಿ ಹಣ ಸಲ್ಲದಿದ್ದರೆ, ಕರಾರಿಲ್ಲದವನಿಗೆ ಸಲ್ಲುವುದೆಂತು? ೧೯೪೮ರ ಕನಿಷ್ಠ ವೇತನ ಕಾಯಿದೆಯು ಕೃಷಿ ಕೂಲಿಯ ದರವನ್ನೂ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಪುನಃ ಪರಿಶೀಲಿಸಬೇಕೆಂದು ವಿಧಿಸಿತ್ತು. ಅಲ್ಲಿಯೂ ಪ್ರಶ್ನೆ ತಾರೀಖಿನದೇ. ಒಬ್ಬರ ಕರಾರನ್ನು ಸಡಿಲಬಿಟ್ಟರೆ ಇನ್ನೊಬ್ಬರಿಗೆ ಲಾಭವಾಗುವುದಿಲ್ಲ. ಸಡಿಲವಾಗಿರುವುದೇ ಎಲ್ಲರಿಗೂ ರೂಢಿಯಾಗುತ್ತದೆ.

ಕೆಲಸಗಾರರ ಕಡೆಯ ಕೊರತೆಯನ್ನೂ ಮುಚ್ಚಬಾರದು. ಸಾರಿಗೆಯಲ್ಲಿ ಸಂಘಗಳು ಹಲವು. ಒಂದು ಒಪ್ಪಿದ್ದನ್ನು ಇನ್ನೊಂದು ಒಪ್ಪದು. ಒಂದು ನೂರಕ್ಕೆ ಇಷ್ಟು ಎಂದರೆ ಇನ್ನೊಂದು ಸರ್ಕಾರಿ ಶ್ರೇಣಿ ಎನ್ನುವುದು. ಈ ಒಡಕು ಆಡಳಿತವರ್ಗಕ್ಕೆ ತಡಮಾಡಲು ಒಳ್ಳೆಯ ನೆವವಾಗುತ್ತದೆ. ೧೯೪೭ರ ಕಾಯಿದೆಯನ್ನು ತೆಗೆದುಹಾಕಿ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಇದಕ್ಕೆ ಒಂದು ಮಾರ್ಗವನ್ನು ಹೇಳಿದೆ. ನೂರಕ್ಕೆ ೫೧ ಮಂದಿಯ ಬೆಂಬಲವುಳ್ಳ ಸಂಘವೇ ಮಾತಾಡತಕ್ಕ ಏಕೈಕ ಸಂಘ. ಅಂಥದಿಲ್ಲದಿದ್ದರೆ ನೂರಕ್ಕೆ ೨೦ಕ್ಕೆ ಕಡಿಮೆಯಿಲ್ಲದ ಬೆಂಬಲವುಳ್ಳ ಸಂಘಗಳು ಸೇರಿ ಮಾತುಕತೆಯ ಮಂಡಲಿಯಾಗಬೇಕು. ಮುಷ್ಕರಕ್ಕೆ ಹದಿನಾಲ್ಕು ದಿನ ಮುಂಚೆ ತಿಳಿಸಬೇಕೆಂಬ ಕಟ್ಟನ್ನು ಅದು ಎಲ್ಲ ಉದ್ಯಮಗಳಿಗೂ ಹಬ್ಬಿಸಿದೆಯೆಂದು ಕಾರ್ಮಿಕ ಸಂಘಗಳು ಆ ಸಂಹಿತೆಯನ್ನು ವಿರೋಧಿಸಿದುದೂ ಉಂಟು. ವಿರೋಧವಿರಲಿ, ಯಾರು ಯಾರ ಪರವಾಗಿ ಮಾತಾಡುತ್ತಾರೆಂಬುದು ಗುಪ್ತಮತದಿಂದ ಗೊತ್ತಾಗುವುದು ಕೆಲಸಗಾರರಿಗೇ ಬಲ. ಬೆಂಬಲದ ಲೆಕ್ಕವಿಲ್ಲದೆ ಕುಳಿತವನ ಮಾತು ಮೇಜಿನ ಆಚೆಗೆ ದಾಟುವುದಿಲ್ಲ.

ವ್ಯಾಜ್ಯ ಬಲಿತಾಗ ಏನು ಮಾಡಬೇಕೆಂಬುದಕ್ಕೆ ನಮ್ಮ ದೇಶದಲ್ಲಿಯೇ ಹಳೆಯ ನಿದರ್ಶನವೊಂದಿದೆ. ೧೯೧೮ರಲ್ಲಿ ಅಹಮದಾಬಾದಿನ ಗಿರಣಿಗಳ ಕೆಲಸಗಾರರು ನೂರಕ್ಕೆ ೩೫ ಬೇಕೆಂದರು. ಮಾಲೀಕರು ೨೦ಕ್ಕಿಂತ ಕೊಡೆವೆಂದರು. ಗಾಂಧೀಜಿ ಕೆಲಸಗಾರರ ಪಕ್ಷದಲ್ಲಿ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ, ಕೆಲಸಗಾರರ ಬೆನ್ನಿಗೆ ನಿಂತವರು ಅವರ ಅಕ್ಕ ಅನಸೂಯ ಬೆನ್. ಮಾರ್ಚ್ ತಿಂಗಳಲ್ಲಿ ಆದ ರಾಜಿಯ ಸ್ವರೂಪವು ಹೀಗಿತ್ತು: ಮೊದಲ ದಿನ ನೂರಕ್ಕೆ ೩೫ರಂತೆ, ಎರಡನೆಯ ದಿನ ೨೦ರಂತೆ, ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪು ಬರುವವರೆಗೆ ೨೭½ರಂತೆ ಕೊಡತಕ್ಕದ್ದು, ತೀರ್ಪಿನಲ್ಲಿ ಹೆಚ್ಚುಕಡಿಮೆಯಾದುದನ್ನು ಆಮೇಲೆ ಸರಿಮಾಡಿಕೊಳ್ಳತಕ್ಕದ್ದು. ಮಧ್ಯಸ್ಥರಾದ ಆನಂದಶಂಕರ ಧ್ರುವ ಅವರು ಅದೇ ವರ್ಷ ನೂರಕ್ಕೆ ೩೫ ಎಂದು ತೀರ್ಪು ಕೊಟ್ಟರು. ಇದರಲ್ಲಿ ನಾವು ಕಲಿಯತಕ್ಕ ಪಾಠವು ಮೂವತ್ತೈದರಲ್ಲಿಲ್ಲ. ವಾದ ಮುಗಿಯುವವರೆಗೆ ಕೆಲಸಗಾರನು ಬರಿಗೈಯಲ್ಲಿ ಕಾಯಬೇಕಾಗಲಿಲ್ಲವೆಂಬುದರಲ್ಲಿದೆ. ನಾಳೆಯ ದಿನ ಎಷ್ಟು ಕೊಡಬೇಕೆಂಬುದು ಅಂದೇ ಗೊತ್ತಾಗಿತ್ತು.

ಇದರಿಂದ ನಮಗೆ ಹೊಳೆಯುವ ಮಾರ್ಗವು ಸರಳವಾದದ್ದು. ಒಡಂಬಡಿಕೆಯ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚೆಯೇ ಮಾತು ಆರಂಭವಾಗಲಿ. ಗೊತ್ತಾದ ತಾರೀಖಿಗೆ ಒಪ್ಪಿಗೆಯಾಗದಿದ್ದರೆ, ಹಿಂದಿನ ಹೆಚ್ಚಳದ ಒಂದು ಭಾಗವಾದರೂ ಅಂದಿನಿಂದ ಮಧ್ಯಂತರವಾಗಿ ತಾನಾಗಿಯೇ ಸಲ್ಲಲಿ. ಅನಂತರ ಆದ ಒಪ್ಪಂದವು ಯಾವ ದಿನ ಸಹಿಯಾದರೂ ಆ ತಾರೀಖಿನಿಂದಲೇ ಲೆಕ್ಕವಾಗಲಿ. ಆರು ತಿಂಗಳೊಳಗೆ ಒಪ್ಪಿಗೆಯಾಗದಿದ್ದರೆ ಇಬ್ಬರೂ ಒಪ್ಪಿದ ಮಧ್ಯಸ್ಥರ ಮುಂದೆ ಲೆಕ್ಕದ ಪುಸ್ತಕವೂ ವೇತನದ ಅಳತೆಗೋಲೂ ಹೋಗಲಿ. ಮೇಲಿನವರ ಮತ್ತು ಕೆಳಗಿನವರ ಸಂಬಳದ ಅಂತರವನ್ನು, ಖಾಸಗಿ ಕಂಪನಿಗಳು ಪ್ರಕಟಿಸುವಂತೆ, ನಿಗಮಗಳೂ ತಮ್ಮ ವಾರ್ಷಿಕ ವರದಿಯಲ್ಲಿ ಪ್ರಕಟಿಸಲಿ. ಕೆಲಸಗಾರರೂ ತಮ್ಮ ಪಾಲಿಗೆ, ಬಸ್ಸನ್ನು ಹೊತ್ತಿಗೆ ಬಿಡುವುದನ್ನೂ ಪ್ರಯಾಣಿಕರಲ್ಲಿ ಸೌಜನ್ಯವನ್ನೂ ಕರಾರಿನ ಭಾಗವೆಂದೇ ಬರೆದುಕೊಡಲಿ. ಹೀಗಾದರೆ ಮುಷ್ಕರದ ಹಕ್ಕು ಉಳಿಯುವುದು, ಮುಷ್ಕರದ ಅಗತ್ಯ ಬಹುಮಟ್ಟಿಗೆ ತಪ್ಪುವುದು.

ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದಿಂದ ಕಾಯಕವೆಂಬ ಮಾತನ್ನು ಈ ನಾಡು ಪೂಜ್ಯಭಾವದಿಂದ ಆಡುತ್ತ ಬಂದಿದೆ. ಆದರೆ ಕಾಯಕವನ್ನು ಬಾಯಲ್ಲಿ ಹೊಗಳಿ ಅದರ ಪ್ರತಿಫಲವನ್ನು ಕಚೇರಿಯ ಕಡತದಲ್ಲಿ ಕಟ್ಟಿಡುವುದು ಆ ಮಾತಿಗೆ ಸಲ್ಲುವ ಗೌರವವಲ್ಲ. ಬೆಳಗಿನ ಐದು ಗಂಟೆಗೆ ತಿಕೋಟಾದ ಬಸ್ಸು ಹೊರಡಬೇಕೆಂದು ವೇಳಾಪಟ್ಟಿಯಲ್ಲಿ ಬರೆದರೆ ನಾವು ಐದು ಗಂಟೆಗೇ ಬಂದು ನಿಲ್ಲುತ್ತೇವೆ. ಐದು ನಿಮಿಷ ತಡವಾದರೆ ನಿರ್ವಾಹಕನನ್ನು ಕೇಳುತ್ತೇವೆ. ಕೇಳುವುದು ನಮ್ಮ ಹಕ್ಕು. ಅವನ ಕರಾರಿನಲ್ಲಿ ಬರೆದ ತಾರೀಖು ಮೂವತ್ತೆಂಟು ತಿಂಗಳು ತಡವಾದಾಗಲೂ ಕೇಳುವವರು ಇರಬೇಕು. ಆ ಕೇಳುವವರಲ್ಲಿ ಬಸ್ಸಿನಲ್ಲಿ ಕುಳಿತು ಹೋಗುವ ನಾವೂ ಒಬ್ಬರಾಗಿರತಕ್ಕದ್ದು.